ಹೊಡೆದವರೇ ಬಂದು ಕೇಳಬೇಕು

ಸಂಜೆ ಐದರ ಹೊತ್ತಿಗೆ ಎದುರು ಮನೆಯ ಗೇಟಿನ ಚಿಲಕ ಸದ್ದಾದರೆ ನಾನು ಈಗಲೂ ಕೈಯಲ್ಲಿರುವ ಕೆಲಸ ಬಿಟ್ಟು ಕಿಟಕಿಗೆ ಹೋಗುತ್ತೇನೆ. ಬಂದಿರುವುದು ಕೊರಿಯರ್‌ನವನೋ, ಆ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರೋ ಆಗಿರುತ್ತಾರೆ. ಆದರೆ ನೋಡುವ ಮೊದಲೇ ನನ್ನ ಕಿವಿಗೆ ಬಿದ್ದಿರುವುದು ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳ ದನಿ. "ಅಜ್ಜಾರ, ಚಂಡ ಬಂದೈತ್ರಿ, ಕೊಡ್ರಿ." ಈ ರಸ್ತೆಯಲ್ಲಿ ಮಕ್ಕಳು ಚೆಂಡಾಡುವುದು ನಿಂತು ಹತ್ತು ವರ್ಷವಾಯಿತು. ಹೈಸ್ಕೂಲ್ ಟೀಚರಿಗೂ ದೆವ್ವ ಬಡಿಯುತ್ತದೆಯೇ ಎಂದು ನನ್ನ ಗಂಡ ತಮಾಷೆ ಮಾಡುತ್ತಾರೆ. ದೆವ್ವವಾಗಿದ್ದರೆ ನಿಂಬೆಹಣ್ಣು ಮಂತ್ರಿಸಿ ಬಾಗಿಲಿಗೆ ಕಟ್ಟಬಹುದಿತ್ತು. ಆ ಹುಡುಗಿ ಬದುಕಿದ್ದಾಳೆ, ನಾನು ಅವಳಿಗೆ ಮಾಡಿದ ಅನ್ಯಾಯವನ್ನು ನಾನು ಗಂಡನಿಗೂ ಹೇಳಿಲ್ಲ.

ನಮ್ಮದು ಕತ್ರಿಗುಪ್ಪೆಯ ಒಂದು ಅಡ್ಡರಸ್ತೆ. ಎದುರೆದುರು ಹತ್ತು ಹನ್ನೆರಡು ಮನೆಗಳು, ಕೊನೆಗೆ ಒಂದು ಟ್ರಾನ್ಸ್‌ಫಾರ್ಮರ್. ಅದರಾಚೆ ರಸ್ತೆ ಮುಂದುವರಿಯುವುದಿಲ್ಲವಾದ್ದರಿಂದ ಗಾಡಿಗಳು ಕಡಿಮೆ. ಮಕ್ಕಳಿಗೆ ಇದಕ್ಕಿಂತ ಇನ್ನೇನು ಬೇಕು? ಬೇಸಿಗೆ ರಜೆಯಲ್ಲಿ ಊಟ ಮುಗಿಸಿ ಹೊರಗೆ ಬಿದ್ದರೆ ದೀಪ ಹಚ್ಚುವ ತನಕ ಕ್ರಿಕೆಟ್ಟು. ನಮ್ಮ ಎದುರು ಮನೆಯಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಯಜಮಾನರು ಮತ್ತು ಅವರ ಹೆಂಡತಿ ಇದ್ದರು. ಯಜಮಾನರಿಗೆ ಚೆಂಡು ಕಂಡರೆ ಆಗುತ್ತಿರಲಿಲ್ಲ. ಕಾಂಪೌಂಡಿನೊಳಗೆ ಬಿದ್ದ ಚೆಂಡನ್ನು ಅಡುಗೆಮನೆಗೆ ಒಯ್ದು, ಈಳಿಗೆಮಣೆಯಲ್ಲಿ ಹೀರೇಕಾಯಿ ಹೆಚ್ಚಿದ ಹಾಗೆ ಎರಡು ಹೋಳು ಮಾಡಿ ರಸ್ತೆಗೆ ಎಸೆಯುತ್ತಿದ್ದರು. ಅವರ ಹೆಂಡತಿ ಬೇರೆಯೇ ಸ್ವಭಾವದವರು. ನಾನು ಶಾಲೆಯಿಂದ ಬರುವ ತನಕ ನನ್ನ ಮಗನನ್ನು ಮೂರು ವರ್ಷ ಅವರೇ ನೋಡಿಕೊಂಡಿದ್ದರು, ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ತಿನ್ನಿಸಿದ್ದರು.

ಹೋಳು ಮಾಡಿದ ಚೆಂಡುಗಳ ದೆಸೆಯಿಂದ ರಸ್ತೆಯಲ್ಲಿ ದೊಡ್ಡವರೂ ಮಾತು ಬಿಡುವ ಹಾಗಾಯಿತು. ಮಕ್ಕಳು ಗೋಡೆ ಹತ್ತಿ ಕದ್ದು ಚೆಂಡು ತರತೊಡಗಿದರು, ಹೂಕುಂಡ ಒಡೆಯಿತು, ಯಾರದೋ ಅಪ್ಪ ಯಜಮಾನರ ಜೊತೆ ರಸ್ತೆಯಲ್ಲೇ ಜಗಳಕ್ಕೆ ನಿಂತರು. ಕೊನೆಗೆ ನಾವು ನಾಲ್ಕೈದು ಮನೆಯವರು ಯಜಮಾನರ ವರಾಂಡದಲ್ಲಿ ಕೂತು ಕಾಫಿ ಕುಡಿದು ಒಂದು ಒಪ್ಪಂದಕ್ಕೆ ಬಂದೆವು. ಗೋಡೆ ಹತ್ತುವಂತಿಲ್ಲ. ಚೆಂಡು ಯಾರು ಹೊಡೆದರೋ ಅವರೇ ಗೇಟಿಗೆ ಬಂದು, ತಪ್ಪಾಯಿತು ಎಂದು ಹೇಳಿ, ಕೇಳಿ ತೆಗೆದುಕೊಳ್ಳಬೇಕು. ಯಜಮಾನರು ಚೆಂಡು ಕತ್ತರಿಸುವಂತಿಲ್ಲ. ಈ ನಿಯಮ ನನ್ನದು. ಮಕ್ಕಳಿಗೆ ಜವಾಬ್ದಾರಿ ಬರಬೇಕು ಎಂದು ಅಲ್ಲಿ ಪಾಠವನ್ನೂ ಮಾಡಿದ್ದೆ. ಬಿಳಿ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದು ಲೈಟು ಕಂಬಕ್ಕೆ ಅಂಟಿಸಿದವಳೂ ನಾನೇ.

ಮಕ್ಕಳು ನನಗಿಂತ ಜಾಣರು. ಯಜಮಾನರ ಮುಖ ನೋಡಿ ತಪ್ಪಾಯಿತು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಆ ವರ್ಷವೇ ಪಕ್ಕದ ಮನೆಯ ಕೆಳಭಾಗಕ್ಕೆ ಬಾಗಲಕೋಟೆ ಕಡೆಯ ಒಂದು ಕುಟುಂಬ ಬಾಡಿಗೆಗೆ ಬಂದಿತ್ತು. ಅಪ್ಪನಿಗೆ ಬಿಟಿಎಂ ಲೇಔಟ್‌ನ ಯಾವುದೋ ಆಫೀಸಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ. ಬೆಳಿಗ್ಗೆ ಅಮ್ಮ ರೊಟ್ಟಿ ಬಡಿಯುವ ಸದ್ದಿಗೆ ನಿದ್ದೆ ಕೆಡುತ್ತದೆ ಎಂದು ಮೇಲಿದ್ದ ಮನೆ ಓನರ್ ಎಲ್ಲರ ಹತ್ತಿರವೂ ಗೊಣಗುತ್ತಿದ್ದರು. ಆ ಕುಟುಂಬದ ಒಬ್ಬಳೇ ಮಗಳು ಆ ಹುಡುಗಿ. ಒಂದು ದಿನ ಅವಳೇ ಹೊಡೆದ ಚೆಂಡು ಒಳಗೆ ಬಿದ್ದಾಗ ಗೇಟು ತೆಗೆದು "ಅಜ್ಜಾರ, ಚಂಡ ಬಂದೈತ್ರಿ, ಕೊಡ್ರಿ" ಎಂದಳು. ನಮ್ಮ ಮಕ್ಕಳೆಲ್ಲ ಅಂಕಲ್ ಎಂದು ಕಿರುಚಿ ಓಡುವವರು. ಆ "ರೀ" ಕೇಳಿ ಯಜಮಾನರ ಮುಖ ಬಿರಿಯಿತು. ಚೆಂಡಿನ ಜೊತೆ ಒಂದು ಬಾಳೆಹಣ್ಣೂ ಸಿಕ್ಕಿತು. ಅಂದಿನಿಂದ ಯಾರು ಹೊಡೆದರೂ ತರಲು ಹೋಗುವವಳು ಅವಳೇ. ಅದಕ್ಕೆ ಪ್ರತಿಯಾಗಿ ಹುಡುಗರು ಅವಳಿಗೆ ಒಂದು ಓವರ್ ಬ್ಯಾಟಿಂಗ್ ಹೆಚ್ಚು ಕೊಡುತ್ತಿದ್ದರು. ದೊಡ್ಡವರಲ್ಲಿ ಈ ಒಳ ಒಪ್ಪಂದ ಗೊತ್ತಿದ್ದದ್ದು ನನಗೊಬ್ಬಳಿಗೆ, ಮಗ ನಗುತ್ತಾ ಹೇಳಿದ್ದ. ನಾನೂ ನಕ್ಕಿದ್ದೆ.

ಆ ದಿನ ಶನಿವಾರ. ನಾನು ತಾರಸಿಯ ಮೇಲೆ ಪಂಚೆಯ ಮೇಲಿಟ್ಟ ಅರಳು ಸಂಡಿಗೆ ಬಿಡಿಸುತ್ತಿದ್ದೆ. ಕೆಳಗೆ ನನ್ನ ಮಗ ಬ್ಯಾಟ್ ಹಿಡಿದಿದ್ದ, ಅವನಿಗಾಗ ಹನ್ನೆರಡು. ಅವನು ಆಡುವುದನ್ನು ನೋಡುವುದು ನನಗೆ ಇಷ್ಟ, ಹಾಗಾಗಿ ಸಂಡಿಗೆ ಬಿಟ್ಟು ಗೋಡೆಯ ಹತ್ತಿರ ಬಂದು ನಿಂತಿದ್ದೆ. ಅವನು ಬೀಸಿ ಹೊಡೆದ. ಚೆಂಡು ಎದುರು ಮನೆಯ ಕಾಂಪೌಂಡಿಗೆ ಹೋಗಿ ಗಿಡಕ್ಕೆ ನೀರು ಹಾಕುತ್ತಿದ್ದ ಯಜಮಾನರ ಹೆಂಡತಿ, ಆ ಅಜ್ಜಿಯ ಭುಜಕ್ಕೆ ತಾಗಿತು. ಟೆನಿಸ್ ಚೆಂಡು, ಪೆಟ್ಟಾಗುವಂಥದ್ದಲ್ಲ. ಅವರು ಬೆಚ್ಚಿ ಹಿಂದೆ ಸರಿದರು, ಒದ್ದೆ ಮೆಟ್ಟಿಲ ಮೇಲೆ ಕಾಲು ಜಾರಿತು. ಗೋಡೆ ಅಡ್ಡವಿದ್ದುದರಿಂದ ಮಕ್ಕಳಿಗೆ ಅವರು ಬಿದ್ದದ್ದು ಕಾಣಲಿಲ್ಲ. ಯಾವತ್ತಿನ ಹಾಗೆ ಹುಡುಗಿಯನ್ನು ಕೂಗಿದರು. ಟ್ರಾನ್ಸ್‌ಫಾರ್ಮರ್ ಹತ್ತಿರ ಫೀಲ್ಡಿಂಗ್ ಮಾಡುತ್ತಿದ್ದವಳು ಓಡಿ ಬಂದು ಗೇಟು ತೆಗೆದಳು.

ನಾನು ಮೆಟ್ಟಿಲಿಳಿದು ಅಲ್ಲಿಗೆ ಹೋಗುವಷ್ಟರಲ್ಲಿ ಹುಡುಗಿ ಅಜ್ಜಿಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಂದು ಕೈಯಲ್ಲಿ ಚೆಂಡು ಹಾಗೇ ಇತ್ತು. ಯಜಮಾನರು ಒಳಗಿನಿಂದ ಬಂದು ಮೊದಲು ನೋಡಿದ್ದು ಆ ಕೈಯನ್ನು. ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು ಎಂದರು. ಕಾರಿಡಾರಿನಲ್ಲಿ ಯಜಮಾನರು ಬಂದವರಿಗೆಲ್ಲ ಬಾಡಿಗೆ ಮನೆ ಹುಡುಗಿ ಹೊಡೆದಳು ಎಂದು ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಫ್ಲಾಸ್ಕ್ ಹಿಡಿದು ಕೂತಿದ್ದೆ. ಈಗ ಬೇಡ, ನಾಳೆ ನಿಧಾನವಾಗಿ ಹೇಳೋಣ ಎಂದುಕೊಂಡೆ. ಮನೆಗೆ ಬಂದರೆ ಮಗ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದ. ಅವನ ಬೆನ್ನು ಸವರಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನಗೆ ಆ ರಾತ್ರಿ ಅವನು ಹೆಗ್ಗಣವಾಗಿಯೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಹುಡುಗಿಯ ಅಪ್ಪ ಅವಳನ್ನು ಕೈ ಹಿಡಿದು ಎದುರು ಮನೆಗೆ ಕರೆತಂದರು. ಯಜಮಾನರು ಬಟ್ಟೆ ತೆಗೆದುಕೊಂಡು ಹೋಗಲು ಆಸ್ಪತ್ರೆಯಿಂದ ಬಂದಿದ್ದರು. ಮನೆ ಓನರ್ ಇದ್ದರು, ನಾನೂ ತಿಂಡಿ ಕೊಡಲು ಹೋಗಿದ್ದೆ. ಅಪ್ಪ ಮಗಳಿಗೆ ಅಜ್ಜನ ಕಾಲು ಮುಟ್ಟಿ ತಪ್ಪಾಯಿತು ಅನ್ನು ಎಂದರು. ಅವಳು ಬಗ್ಗಲಿಲ್ಲ. ತಾನು ಹೊಡೆದಿಲ್ಲ, ತರೋಕೆ ಬಂದಿದ್ದು ಅಷ್ಟೇ ಎಂದಳು. ಹೊಡೆದವರೇ ತರಬೇಕು ಅಂತ ಕಂಬಕ್ಕೆ ಅಂಟಿಸಿದ್ದಾರಲ್ಲ, ಮತ್ತೆ ನೀನ್ಯಾಕೆ ಬಂದೆ ಎಂದು ಓನರ್ ಕೇಳಿದರು. ಹಾಗಾದರೆ ಹೊಡೆದವರು ಯಾರು ಎಂದು ಯಜಮಾನರು ಕೇಳಿದರು. ಅವಳು ನನ್ನ ಮಗನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಿದಳು.

"ಟೀಚರ್ ಮಾಳಿಗಿ ಮ್ಯಾಲ ನಿಂತಿದ್ರು. ಅವ್ರಿಗೆ ಗೊತ್ತೈತಿ."

ಎಲ್ಲರೂ ನನ್ನ ಕಡೆ ತಿರುಗಿದರು. ಇಪ್ಪತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ನಿಜ ಹೇಳಿಸಿದವಳು ನಾನು. ಯಜಮಾನರ ಹೆಂಡತಿ ನನ್ನ ಮಗನಿಗೆ ತಿನ್ನಿಸಿದ ಅನ್ನ ನೆನಪಾಯಿತು. ಇನ್ನು ಅವರು ಅವನನ್ನು ಹೇಗೆ ನೋಡುತ್ತಾರೆ, ಇಡೀ ರಸ್ತೆ ಹೇಗೆ ನೋಡುತ್ತದೆ ಎನ್ನಿಸಿತು. ಅಷ್ಟೇ ನನ್ನ ಕಾರಣ. ಅದಕ್ಕಿಂತ ದೊಡ್ಡ ಕಾರಣವೊಂದನ್ನು ಈ ಹತ್ತು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

"ನಾನು ಸಂಡಿಗೆ ತೆಗೀತಿದ್ದೆ. ನೋಡ್ಲಿಲ್ಲ," ಎಂದೆ.

ಅಪ್ಪ ಮಗಳ ಕೆನ್ನೆಗೆ ಒಂದು ಬಿಟ್ಟರು. "ಟೀಚರ್ ಸುಳ್ಳ ಹೇಳ್ತಾರೇನು?" ಎಂದು ಕೇಳಿ, ಅವಳ ಕತ್ತು ಹಿಡಿದು ಯಜಮಾನರ ಕಾಲಿಗೆ ಬಗ್ಗಿಸಿದರು. ಅವಳು ಅಳಲಿಲ್ಲ. ಬಗ್ಗಿದಲ್ಲಿಂದಲೇ ಇನ್ನೊಮ್ಮೆ, ನಾ ಹೊಡದಿಲ್ಲಪ್ಪ ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ಆ ವಾರವೇ ನಾನು ಎಂಟನೇ ತರಗತಿಗೆ ವಿಸ್ತರಿಸಿ ಬರೆಯಲು ಕೊಟ್ಟಿದ್ದೆ. ಟಿಪ್ಪಣಿ ಪುಸ್ತಕಗಳು ಮನೆಯಲ್ಲಿ ತಿದ್ದಲು ಕಾಯುತ್ತಿದ್ದವು.

ರೊಟ್ಟಿಯ ಸದ್ದಿಗೆ ಬೇಸತ್ತಿದ್ದ ಓನರಿಗೆ ಒಂದು ನೆಪ ಬೇಕಿತ್ತು. ತಿಂಗಳೊಳಗೆ ಮನೆ ಖಾಲಿ ಮಾಡಿಸಿದರು. ಟೆಂಪೋಗೆ ಸಾಮಾನು ತುಂಬುವುದನ್ನು ನಾನು ಕಿಟಕಿಯ ಪರದೆಯ ಹಿಂದಿನಿಂದ ನೋಡಿದೆ. ಹುಡುಗಿ ರೊಟ್ಟಿಯ ಹೆಂಚನ್ನು ಎದೆಗವಚಿಕೊಂಡು ಮುಂದಿನ ಸೀಟಿನಲ್ಲಿ ಕೂತಳು, ನಮ್ಮ ಮನೆಯ ಕಡೆ ನೋಡಲಿಲ್ಲ. ಆಮೇಲೆ ಮಕ್ಕಳನ್ನು ಯಾರೂ ರಸ್ತೆಗೆ ಬಿಡಲಿಲ್ಲ. ಸ್ವಲ್ಪ ದಿನ ಇಬ್ಬರು ಮೂವರು ಬಂದರು, ಚೆಂಡು ಹಿಡಿದು ಸುಮ್ಮನೆ ನಿಂತು ವಾಪಸು ಹೋದರು. ಅಜ್ಜಿ ಕೋಲೂರಿಕೊಂಡು ಇನ್ನೂ ಆರು ವರ್ಷ ಬದುಕಿದರು. ಎಷ್ಟೋ ಸಂಜೆ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಾ ಬಾಯಿ ತೆರೆದಿದ್ದೇನೆ, ಮುಚ್ಚಿದ್ದೇನೆ. ಅವರು ಹೋದ ಮೇಲೆ ಯಜಮಾನರು ಮಗಳ ಮನೆಗೆ ಮೈಸೂರಿಗೆ ಹೋದರು. ಒಮ್ಮೆ ಮಗನನ್ನು ಕೇಳಿದೆ, ಆ ಹುಡುಗಿ ನೆನಪಿದ್ದಾಳಾ ಎಂದು. ಅವನು ಮೊಬೈಲಿನಿಂದ ತಲೆಯೆತ್ತಿ, ಯಾವ ಹುಡುಗಿ ಅಮ್ಮ ಎಂದ. ಅವನು ನಟಿಸುತ್ತಿರಲಿಲ್ಲ. ಅವನ ಪಾಲಿನದನ್ನೂ ನಾನೇ ಹೊತ್ತುಕೊಂಡಿದ್ದೆ ಎಂದು ಆಗ ಗೊತ್ತಾಯಿತು.

ಹೋದ ತಿಂಗಳು ಅರೆಕೆರೆಯಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಹಲ್ಲುನೋವು ಬಂತು. ತಂಗಿ ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು, ನನ್ನನ್ನು ಕೂರಿಸಿ ತರಕಾರಿಗೆಂದು ಹೋದಳು. ಕೌಂಟರಿನಲ್ಲಿದ್ದ ಹುಡುಗಿ ಹೆಸರು, ವಯಸ್ಸು ಬರೆದುಕೊಂಡು ತಲೆಯೆತ್ತಿದಳು.

"ಕತ್ರಿಗುಪ್ಪೆ ಟೀಚರ್ ಅಲ್ವಾ ನೀವು?"

"ರೀ" ಹೋಗಿತ್ತು, ಮಾತು ನಮ್ಮ ಮಕ್ಕಳ ಹಾಗೇ ಆಗಿತ್ತು. ಆದರೂ ದನಿ ಅದೇ. ಅವಳು ಕುಡಿಯಲು ನೀರು ಕೊಟ್ಟಳು, ಅಜ್ಜಿ ಹೇಗಿದ್ದಾರೆ ಎಂದು ಕೇಳಿದಳು. ತೀರಿಕೊಂಡು ನಾಲ್ಕು ವರ್ಷವಾಯಿತು ಎಂದೆ. ಅವಳು ಪೆನ್ನಿನ ಮುಚ್ಚಳವನ್ನು ಹಾಕಿದಳು, ತೆಗೆದಳು.

"ಸಾಯೋ ತನಕ ನಾನೇ ಅಂದ್ಕೊಂಡಿದ್ರಾ?"

ಹೌದು ಎಂದೆ. ಆಮೇಲೆ ಹತ್ತು ವರ್ಷ ಹೇಳದೆ ಇಟ್ಟುಕೊಂಡದ್ದು ಒಂದೇ ಸಲ ಬಂದುಬಿಟ್ಟಿತು. ನೀನಲ್ಲ, ನನ್ನ ಮಗ ಹೊಡೆದದ್ದು, ನಾನು ಕಣ್ಣಾರೆ ನೋಡಿದ್ದೆ, ಸುಳ್ಳು ಹೇಳಿದೆ ಎಂದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. ಅದು ಅವಳಿಗೆ ಗೊತ್ತಿದ್ದದ್ದೇ ತಾನೆ. ಅವಳ ಮನೆಯಲ್ಲಿ ಈಗಲೂ ಅವಳು ಏನಾದರೂ ಹೇಳಿದರೆ, ತಡವಾಗಿ ಬಂದದ್ದಕ್ಕೆ ಕಾರಣ ಕೊಟ್ಟರೂ, ಚಂಡಿನ ಕತಿ ಹೇಳಬ್ಯಾಡ ಎನ್ನುತ್ತಾರಂತೆ ಅಪ್ಪ. ಅಲ್ಲಿ ಸುಳ್ಳಿಗೆ ಆ ಹೆಸರು ನಿಂತುಬಿಟ್ಟಿದೆ. ಅವಳು ಫೋನ್ ತೆಗೆದು ಕೌಂಟರಿನ ಮೇಲಿಟ್ಟಳು.

"ನಮ್ಮಪ್ಪಂಗೆ ಹೇಳ್ತೀರಾ? ಈಗ್ಲೇ."

ಸ್ಪೀಕರ್ ಹಾಕಿದಳು. ಅವಳ ಅಪ್ಪನಿಗೆ ನನ್ನ ಗುರುತು ತಕ್ಷಣ ಸಿಕ್ಕಿತು, ಖುಷಿಯಿಂದ ಕ್ಷೇಮ ಸಮಾಚಾರ ಕೇಳಿದರು. ನಾನು ಒಂದನ್ನೂ ಬಿಡದೆ ಹೇಳಿದೆ. ಮಗನ ಹೆಸರು ಹೇಳಿದೆ, ತಾರಸಿಯಿಂದ ನೋಡಿದ್ದನ್ನು ಹೇಳಿದೆ, ಅವತ್ತು ಅವರ ಮುಖಕ್ಕೇ ಸುಳ್ಳು ಹೇಳಿದ್ದನ್ನು ಹೇಳಿದೆ, ತಪ್ಪಾಯಿತು ಎಂದೆ. ಹುಡುಗಿ ಎರಡೂ ಕೈಯಲ್ಲಿ ಕೌಂಟರಿನ ಅಂಚು ಹಿಡಿದುಕೊಂಡಿದ್ದಳು.

"ನಿಮ್ದು ಭಾಳ ದೊಡ್ಡ ಮನಸ್ಸರಿ ಟೀಚರ್," ಎಂದರು ಅವರು. "ನೀವು ನೋಡಿಲ್ಲ ಅಂತ ಅವತ್ತ ಹೇಳಿದ್ದು ನನಗ ನೆನಪೈತ್ರಿ. ಈಗ ಅಕಿ ಮನಸ್ಸಿಗಿ ಸಮಾಧಾನ ಆಗ್ಲಿ ಅಂತ ನಿಮ್ಮ ಮಗನ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ಅಕಿನ ಹೇಳಿಸ್ಯಾಳ, ಹೌದಿಲ್ರಿ? ಇರ್ಲಿ ಬಿಡ್ರಿ. ಸಣ್ಣಾಕಿ ಇದ್ದಾಗಿನ ಮಾತು, ನಾ ಮಾಫ್ ಮಾಡೀನಿ."

ಅಲ್ಲ, ನಿಜವಾಗಿಯೂ ನಾನು ನೋಡಿದ್ದೆ ಎಂದೆ. ಅವರು ಪ್ರೀತಿಯಿಂದ ನಕ್ಕು, ಒಂದು ಸಲ ಮನೆಗೆ ಊಟಕ್ಕೆ ಬರಬೇಕು ಎಂದರು. ಹುಡುಗಿ ಫೋನ್ ಎತ್ತಿಕೊಂಡು ಕಿವಿಗಿಟ್ಟಳು. ಹೂಂ ಅಪ್ಪಾ, ಏಳಕ್ಕ ಬರ್ತೀನಿ ಎಂದಳು. ಇನ್ನೊಮ್ಮೆ ಮಾತಾಡುತ್ತೇನೆ ಕೊಡು ಎಂದು ನಾನು ಕೈ ಚಾಚಿದೆ. ಅವಳು ಫೋನನ್ನು ಡ್ರಾಯರಿನಲ್ಲಿಟ್ಟು ಮುಚ್ಚಿದಳು.

"ಬಿಡಿ ಟೀಚರ್. ಅವತ್ತೇ ಹೇಳ್ಬೇಕಿತ್ತು," ಎಂದಳು. ಆಮೇಲೆ ಪಟ್ಟಿ ನೋಡಿ, ಮುಂದಿನವರು ನೀವೇ, ಒಳಗೆ ಹೋಗಿ ಎಂದಳು.