ವೆರ್ನಾನ್ ಕೇಳಿದ ಪ್ರಶ್ನೆ
ಓಹಾಯೊದ ನಮ್ಮ ಪುಟ್ಟ ಊರಿನಲ್ಲಿ ಇಪ್ಪತ್ತು ವರ್ಷಗಳಿಂದ ನನ್ನ ತಲೆ ಇರುವುದು ಕ್ಷೌರದಂಗಡಿಯ ವೆರ್ನಾನ್ ಟ್ಯಾಕೆಟ್‌ನ ಕೈಯಲ್ಲಿ. ಹನ್ನೆರಡು ಡಾಲರಿನ ಕ್ಷೌರ ಈಗ ಇಪ್ಪತ್ತೆಂಟಕ್ಕೆ ಏರಿದೆ; ಹಲಗೆಯ ಮೇಲೆ ದರ ತಿದ್ದುವಾಗಲೆಲ್ಲ, ಡಾಲರನ್ನು ಸವೆಸಿದವನು ತಾನೇ ಎಂಬಂತೆ ಎಲ್ಲರ ಕ್ಷಮೆ ಕೇಳುತ್ತಾನೆ. ಕುರ್ಚಿಯಲ್ಲಿ ಕೂತವರು ಅಧ್ಯಕ್ಷರನ್ನು ಹೊಗಳಿದರೂ ಬೈದರೂ ಅವನದು ಒಂದೇ ಮಾತು: "ಇರಬಹುದಪ್ಪ, ನನಗಂತೂ ತಲೆಬುಡ ತಿಳೀತಿಲ್ಲ." ಕಳೆದ ಚುನಾವಣೆಯ ಬೆಳಿಗ್ಗೆ ಅವನು ಮೆಚ್ಚಿದ ಅಭ್ಯರ್ಥಿಯೇ ಫೋನ್ ಮಾಡಿ, ಮತದಾನ ಮುಂದಕ್ಕೆ ಹೋಗಿದೆ ಎಂದಿದ್ದ. ಇವನು ಮನೆಯಲ್ಲೇ ಉಳಿದ. ಅದು ಯಂತ್ರ ಸೃಷ್ಟಿಸಿದ ದನಿ ಎಂದು ಮಾರನೆಯ ದಿನ ತಿಳಿಯಿತು. ಅಂದಿನಿಂದ ಫೋನ್ ಮಾಡಿದವರಿಗೆಲ್ಲ, ನಿಜವಾದ ಮನುಷ್ಯರೇ ಎಂದು ಪರೀಕ್ಷೆ. ಚರ್ಚಿನ ಪಾದ್ರಿಯನ್ನೂ ಬಿಟ್ಟಿಲ್ಲ. ಹೋದ ತಿಂಗಳು ನನ್ನ ಅರ್ಧ ತಲೆ ಮುಗಿದಿತ್ತು, ಅವನ ಮಗಳು ಡಾರ್ಲಾಳ ಫೋನ್ ಬಂತು. ಸ್ಪೀಕರಿಗೆ ಹಾಕಿದ. "ಅಪ್ಪಾ, ಕಾರು ಗುದ್ಕೊಳ್ತು. ಆಸ್ಪತ್ರೇಲಿದೀನಿ." "ನೀನು ಡಾರ್ಲಾನೇ ಆದ್ರೆ, ನಮ್ಮನೆ ನಾಯಿ ಹೆಸರೇನು ಹೇಳು." "ನಾವು ನಾಯೀನೇ ಸಾಕಿರ್ಲಿಲ್ವಲ್ಲಪ್ಪ," ಎಂದು ಅವಳು ಅಳತೊಡಗಿದಳು. ಉತ್ತರ ಸರಿಯಾಗಿಯೇ ಇತ್ತು. ಆದರೂ ವೆರ್ನಾನ್ ಫೋನನ್ನು ಅಂಗೈಯಿಂದ ಮುಚ್ಚಿ ನನ್ನನ್ನು ಕೇಳಿದ: "ಯಂತ್ರಕ್ಕೆ ಅಳೋದೂ ಬರುತ್ತೇನಯ್ಯಾ?" "ಹೋಗಿ ನೋಡೋ ಮಾರಾಯ," ಎಂದೆ. ಕತ್ತರಿ ಕೆಳಗಿಟ್ಟು ತೊಂಬತ್ತು ಮೈಲಿ ಕಾರು ಓಡಿಸಿಕೊಂಡು ಹೋದ. ಮೂರು ದಿನಗಳ ಮೇಲೆ ನನ್ನ ಉಳಿದರ್ಧ ತಲೆ ಕತ್ತರಿಸುತ್ತ ಹೇಳಿದ: "ಅವಳೇ. ಕಾಲು ಮುರಿದಿದೆ. 'ಈಗಲಾದ್ರೂ ನಂಬ್ತೀಯಾ ಅಪ್ಪಾ' ಅಂದ್ಲು. ಹೂಂ ಅನ್ನೋಕೂ ನನಗೆ ನಾಚಿಕೆ ಆಯ್ತು."