ನಿಂತ ವ್ಯಾನಿನಲ್ಲಿ ಲೋಕ ಸುತ್ತಿದವರು

ನಿವೃತ್ತಳಾದ ಮೇಲೆ ಚಿಕ್ಕಮ್ಮ ಮನೆಯಲ್ಲಿ ಸುಮ್ಮನೆ ಕೂರುತ್ತಾಳೆಂದು ನಾವು ಯಾರೂ ಅಂದುಕೊಂಡಿರಲಿಲ್ಲ. ಪ್ರಪಂಚ ಸುತ್ತಲು ಹೊರಡುತ್ತಾಳೆಂದೂ ಅಂದುಕೊಂಡಿರಲಿಲ್ಲ. ನಮ್ಮಮ್ಮನ ಈ ತಂಗಿ ಮಕ್ಕಳ ಆಸ್ಪತ್ರೆಯಲ್ಲಿ ನರ್ಸಾಗಿ ಜೀವ ಸವೆಸಿದವಳು. ಒಳಗೆ ಮಗು ಮಲಗಿದ್ದರೆ ಹೊರಗೆ ವರಾಂಡದ ನೆಲದ ಮೇಲೆ ಅದರ ತಾಯಿ ಕೈಚೀಲವನ್ನೇ ದಿಂಬು ಮಾಡಿಕೊಂಡು ಮುದುರಿ ಮಲಗುವುದನ್ನು ನೋಡಿ ನೋಡಿ ಅವಳ ಕರುಳು ಚುರುಕ್ ಎನ್ನುತ್ತಿತ್ತು. ಆ ತಾಯಂದಿರು ಕಾಲು ಚಾಚಿ ಮಲಗಲು ಆಸ್ಪತ್ರೆಯ ಪಕ್ಕ ಒಂದು ಮನೆ ಕಟ್ಟಿಸಬೇಕು, ಅದಕ್ಕಾಗಿ ವ್ಯಾನಿನಲ್ಲಿ ಭೂಮಿ ಸುತ್ತಿ ದೇಣಿಗೆ ಎತ್ತಬೇಕು ಎಂದು ಹಟ ಹಿಡಿದಳು. ಇಲ್ಲೇ ನಾಲ್ಕು ಜನರನ್ನು ಕೇಳಬಾರದೇ ಎಂದೆ.

"ಸುಮ್ಮನೆ ಕೇಳಿದ್ರೆ ಯಾರು ಕೊಡ್ತಾರೆ ಕಣೇ? ಹುಚ್ಚು ಕೆಲಸ ಮಾಡಿದ್ರೆ ನೋಡೋಕಾದ್ರೂ ಬರ್ತಾರೆ."

ಅವಳು ಕಟ್ಟಿದ ತಂಡವೋ, ದೇವರಿಗೇ ಪ್ರೀತಿ. ವ್ಯಾನ್ ಓಡಿಸಲು ನಮ್ಮಪ್ಪ, ಅಂದರೆ ಅವಳ ಭಾವ. ಜೀವನವಿಡೀ ಬಸ್ಸು ಓಡಿಸಿದ ಆಸಾಮಿ. ಈಗಲೂ ಕುರ್ಚಿ ಹಿಂದಕ್ಕೆ ಸರಿಸುವಾಗ ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡುತ್ತಾನೆ. ರಿಪೇರಿಗೆ ಎಲ್ಲರೂ ಸ್ಪ್ಯಾನರ್ ಎಂದೇ ಕರೆಯುವ ಮೆಕ್ಯಾನಿಕ್. ದಾರಿ ತೋರಿಸಲು ಭೂಗೋಳದ ಮೇಷ್ಟ್ರು, ಸ್ವಂತ ಬೀದಿಯಲ್ಲೇ ದಾರಿ ತಪ್ಪುವ ಮಹಾಶಯರು.

ಆಸ್ಪತ್ರೆಯವರು ಮೂಲೆಗೆ ತಳ್ಳಿದ್ದ ಹಳೆಯ ಆಂಬ್ಯುಲೆನ್ಸ್ ಸಿಕ್ಕಿತು. ಅದರ ಎಂಜಿನ್ ಬಿಚ್ಚಿಕೊಂಡು ಸ್ಪ್ಯಾನರ್‌ನ ಶೆಡ್ಡಿನ ಬೆಂಚಿನ ಮೇಲೆ ಮಲಗಿತು. ಅದು ರಿಪೇರಿಯಾಗುವವರೆಗೆ ಕಾಲಹರಣವೇಕೆ ಎಂದು ಚಿಕ್ಕಮ್ಮ ತಾಲೀಮು ಶುರು ಮಾಡಿಸಿದಳು. ಪ್ರತಿ ಭಾನುವಾರ ನಾಲ್ವರೂ ಇಟ್ಟಿಗೆಗಳ ಮೇಲೆ ನಿಂತ ಆ ವ್ಯಾನಿನೊಳಗೆ ಬೆಳಗಿನಿಂದ ಸಂಜೆಯವರೆಗೆ ಕೂರಬೇಕು. "ದಾರೀಲಿ ವ್ಯಾನ್ ಕೆಟ್ರೆ ಸ್ಪ್ಯಾನರ್ ಇದ್ದಾನೆ. ನೀವು ನೀವೇ ಕಿತ್ತಾಡ್ಕೊಂಡ್ರೆ ಯಾರಿದ್ದಾರೆ?" ಎಂಬುದು ಅವಳ ವಾದ. ಮೇಷ್ಟ್ರು "ಈಗ ಮರುಭೂಮಿ" ಎಂದರೆ ಎಲ್ಲರೂ ಕಿಟಕಿ ಮುಚ್ಚಿ ಬೆವರುತ್ತಿದ್ದರು. ಅಪ್ಪ ಗಂಭೀರವಾಗಿ ಸ್ಟೀರಿಂಗ್ ತಿರುಗಿಸುತ್ತಿದ್ದ. ಕಿಟಕಿಯ ವಿಷಯಕ್ಕೆ ಜಗಳವಾಡಿದ ಸ್ಪ್ಯಾನರ್ ಮತ್ತು ಮೇಷ್ಟ್ರು ಇಡೀ ಒಂದು ಖಂಡ ಮುಗಿಯುವವರೆಗೆ ಮಾತು ಬಿಟ್ಟಿದ್ದರು. ನಾನು ಈ ದೇಶಾಂತರಿಗಳಿಗೆ ಚಹಾ ತಂದು ಕೊಡುವ ಕರ್ಮ ಮಾಡಿದ್ದೆ.

ಕೊನೆಗೊಂದು ದಿನ ಎಂಜಿನ್ ಸೇರಿ ವ್ಯಾನ್ ಇಟ್ಟಿಗೆಯಿಂದ ಇಳಿಯಿತು. ಗುಡ್ಡದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರೋಣವೆಂದು ಹೊರಟರು, ನಾನೂ ಹತ್ತಿಕೊಂಡೆ. ಎರಡು ತಿರುವು ದಾಟುವಷ್ಟರಲ್ಲಿ ಚಿಕ್ಕಮ್ಮನ ಮುಖ ಬಿಳುಚಿಕೊಂಡಿತು. ಮೂರನೆಯದರಲ್ಲಿ ಮೇಷ್ಟ್ರ ಭೂಪಟದ ಮೇಲೇ ವಾಂತಿ. ಅರ್ಧ ಭೂಮಂಡಲ ಹಾಳಾಯಿತು.

ಮಾತ್ರೆ ನುಂಗಿದಳು, ಮುಂದಿನ ಸೀಟಿಗೆ ಬಂದಳು, ಕಣ್ಣು ಮುಚ್ಚಿದಳು. ಊಹೂಂ. ಸ್ಕೂಟರಿನಲ್ಲಿ ಮನೆ, ಆಸ್ಪತ್ರೆ ಎಂದು ಓಡಾಡಿಕೊಂಡಿದ್ದವಳಿಗೆ ತನಗೆ ಹೀಗಾಗುತ್ತದೆಂದೇ ಗೊತ್ತಿರಲಿಲ್ಲ. ಅಷ್ಟು ಭಾನುವಾರ ಬೆವರಿ, ಜಗಳವಾಡಿ ಎಲ್ಲವನ್ನೂ ಪರೀಕ್ಷಿಸಿದ ಈ ಮಹಾಬುದ್ಧಿವಂತರಿಗೆ ವ್ಯಾನ್ ಅಲುಗಾಡುತ್ತದೆ ಎಂಬುದೊಂದು ಹೊಳೆದಿರಲಿಲ್ಲ! ನನಗೆ ಮೈಯೆಲ್ಲ ಉರಿಯಿತು. ಚಿಕ್ಕಮ್ಮ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಬಾಯಿ ಒರೆಸಿಕೊಂಡಳು.

"ನೀವು ಹೋಗ್ಬನ್ನಿ. ನಾನು ಇಲ್ಲೇ ಇದ್ದು ಕಟ್ಟಡದ ಕೆಲಸ ನೋಡ್ಕೋತೀನಿ" ಎಂದು ನಕ್ಕಳು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಆ ನಗು ನೋಡಲಾಗದೆ ಅತ್ತ ತಿರುಗಿದೆ.

ಸ್ಟೀರಿಂಗ್ ಹಿಡಿದೇ ಕೂತಿದ್ದ ಅಪ್ಪ ಇಳಿದು ಬಂದ.

"ನನ್ನ ಬಸ್ಸಲ್ಲಿ ಎಲ್ರೂ ವಾಂತಿ ಮಾಡಿದ್ದಾರೆ ಕಣಮ್ಮ. ಪೊಲೀಸ್ ಮಾಡಿದ್ದಾನೆ, ಪೈಲ್ವಾನ್ ಮಾಡಿದ್ದಾನೆ, ಕಂಡಕ್ಟರೂ ಮಾಡಿದ್ದಾನೆ. ನಾನೊಬ್ಬ ಮಾಡಿಲ್ಲ. ಸ್ಟೀರಿಂಗ್ ಕೈಲಿದ್ರೆ ಬರಲ್ಲ. ನೀನು ಓಡಿಸು."

"ನಂಗೆಲ್ಲಿ ಬರುತ್ತೆ ಭಾವ?"

"ಕಲಿಸ್ತೀನಿ."

"ಮತ್ತೆ ನೀವು?"

ಅಪ್ಪ ವ್ಯಾನಿನ ಕೀಲಿಯನ್ನು ಅವಳ ಕೈಗಿಟ್ಟ. ಡಿಪೋದಲ್ಲಿ ಬಸ್ಸು ಒಪ್ಪಿಸಿ ಬಂದ ದಿನದಿಂದ ಮಂಕಾಗಿದ್ದವನು ಮತ್ತೆ ನಕ್ಕಿದ್ದೇ ಈ ವ್ಯಾನಿನ ಸೀಟಿನಲ್ಲಿ ಕೂತಾಗ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಚಿಕ್ಕಮ್ಮ ಕಲಿತಳು. ಕಲಿಸುವಾಗ ಅಪ್ಪ ಕೂಗಾಡಿದ, ಅವಳೇನು ಕಡಿಮೆಯೇ, ತಿರುಗಿ ಕೂಗಾಡಿದಳು. ಆಸ್ಪತ್ರೆಯ ಕಾಂಪೌಂಡಿಗೆ ಒಮ್ಮೆ ಗುದ್ದಿದ್ದೂ ಆಯಿತು. ಲೈಸೆನ್ಸ್ ಕೈಗೆ ಬಂದ ಮೇಲೆ ಮತ್ತೆ ಗುಡ್ಡಕ್ಕೆ ಹೊರಟೆವು. ಮೊದಲ ತಿರುವು, ಎರಡನೆಯದು, ಮೂರನೆಯದು.

"ಏನೂ ಆಗ್ತಿಲ್ಲ ಭಾವ! ಏನೂ ಆಗ್ತಿಲ್ಲ!" ಚಿಕ್ಕಮ್ಮ ಚಿಕ್ಕ ಹುಡುಗಿಯ ಹಾಗೆ ಕೂಗಿದಳು.

ನಾನು ಅವಳ ಪಕ್ಕದ ಸೀಟಿನತ್ತ ಕಣ್ಣು ಹಾಯಿಸಿದೆ. ಅಪ್ಪ ಬೇರೆಯವರ ಕೈಗೆ ಸ್ಟೀರಿಂಗ್ ಕೊಟ್ಟು ಗುಡ್ಡ ಹತ್ತುತ್ತಿದ್ದದ್ದು ಅದೇ ಮೊದಲು. ಹಣೆಯ ತುಂಬ ಬೆವರು, ಬಾಯಿಗೆ ಒತ್ತಿಹಿಡಿದ ಕರವಸ್ತ್ರ. ಗಾಬರಿಯಾಗಿ ಹಿಂದಿನಿಂದ ಅವನ ಭುಜ ಮುಟ್ಟಿದೆ. ಸುಮ್ಮನಿರು ಎಂದು ನನಗೆ ಕೈಸನ್ನೆ ಮಾಡಿ, ಕರವಸ್ತ್ರವನ್ನು ಚೂರೇ ಚೂರು ಸರಿಸಿದ.

"ಚೆನ್ನಾಗಿ ಓಡಿಸ್ತಿದ್ದೀಯಮ್ಮ. ನಿಲ್ಲಿಸ್ಬೇಡ, ಹೋಗು" ಎಂದು ಹೇಳಿ ಮುಖವನ್ನು ಕಿಟಕಿಯಾಚೆ ಹಾಕಿದ.