ಡ್ಯಾಶ್‌ಬೋರ್ಡಿನ ಕೆಂಪು ಕಣ್ಣು

ನಮ್ಮ ವಿದ್ಯಾಸಂಸ್ಥೆಯ ಅಧ್ಯಕ್ಷರು ಸಂಸ್ಥೆಯ ಕಾರಿನ ಒಂದು ಪುಟ್ಟ ಕೆಂಪು ಬಲ್ಬನ್ನು ಕೀಳಿಸಿದರು. ಅದರಿಂದಾದ ಕೇಡಿಗೆ ಬೀರಪ್ಪನೆಂಬ ನಿರಪರಾಧಿ ವೈರಿಂಗ್ ಮೇಸ್ತ್ರಿಯನ್ನು ಕಳ್ಳನೆಂದು ಸಾರಿಸಿದರು. ಸತ್ಯ ಬಯಲಾದ ಮೇಲೂ ಆ ಮಾತನ್ನು ಹಿಂದಕ್ಕೆ ಪಡೆಯಲಿಲ್ಲ. ಓದುಗ ಮಿತ್ರರೇ, ಪ್ರಬಂಧವನ್ನು ಹೀಗೆ ಆರೋಪಪಟ್ಟಿಯಿಂದ ಆರಂಭಿಸುವುದು ಸಭ್ಯತೆಯಲ್ಲವೆಂದು ನಾನು ವಿಶ್ವವಿದ್ಯಾನಿಲಯದಲ್ಲಿ ಕಲಿತಿದ್ದೇನೆ. ಸಭ್ಯವಾದ ಗದ್ಯ ಒಬ್ಬ ಮನುಷ್ಯನಿಗೆ ಏನೆಲ್ಲ ಮಾಡಬಲ್ಲದೆಂಬುದನ್ನು ಮಾತ್ರ ಹರಪನಹಳ್ಳಿಗೆ ಉಪನ್ಯಾಸಕನಾಗಿ ಬಂದ ಮೇಲೆ ಕಲಿತೆ.

ಕಾರು ಬಿಳಿಯದು, ಡೀಸೆಲ್ಲಿನದು, ನನ್ನ ಎಲ್ಲ ಪದವಿಗಳಿಗಿಂತ ಹಿರಿಯದು. ಡೀಸೆಲ್ ಎಂಜಿನ್ನಿನ ಸ್ವಭಾವವೂ ನಮ್ಮ ಆಡಳಿತ ಮಂಡಳಿಯ ಸ್ವಭಾವವೂ ಒಂದೇ: ಒಮ್ಮೆ ಹೊರಟಿತೆಂದರೆ ಅದಕ್ಕೆ ಕಿಡಿಯ ಹಂಗಿಲ್ಲ, ಬ್ಯಾಟರಿ ಸತ್ತು ಮಲಗಿದ್ದರೂ ಓಡುತ್ತಲೇ ಇರುತ್ತದೆ; ಹೊರಡಿಸುವುದಕ್ಕೆ ಮಾತ್ರ ಬೇರೆಯವರ ಭುಜಬಲ ಬೇಕು. ಆ ವರ್ಷ ಬ್ಯಾಟರಿ ಪದೇಪದೇ ಬರಿದಾಗತೊಡಗಿ, ಹಲವಾಗಲಿನ ನಮ್ಮ ಶಾಖೆಗೆ ಅಧ್ಯಕ್ಷರು ಹೊರಡುವ ಮುಂಜಾನೆಗಳಲ್ಲಿ ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡ ವಿಭಾಗಗಳು ಪರಸ್ಪರ ಭಿನ್ನಾಭಿಪ್ರಾಯ ಮರೆತು ಕಾರಿನ ಹಿಂಬದಿಗೆ ಕೈಯಿಡುತ್ತಿದ್ದವು. ಸ್ಟಿಯರಿಂಗಿನ ಹಿಂದೆ ಕುಳಿತ ಚಾಲಕ ಕೊಟ್ರೇಶಿ ಕಿಟಕಿಯಿಂದ ತಲೆ ಹೊರಹಾಕಿ, "ಪಾಠ ಮಾಡಿದಂಗ ತಳ್ಳಬ್ಯಾಡ್ರಿ ಸಾರ್, ಒಂದೀಟು ಜೋರಾಗಿ ತಳ್ರಿ!" ಎಂದು ಹುರಿದುಂಬಿಸುತ್ತಿದ್ದ.

ಆಗ ಬಂದವನು ಬೀರಪ್ಪ. ಕುರಿ ಸಾಕುವ ಮನೆತನದವನು. ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಸುತ್ತಲ ಊರುಗಳ ಟ್ರ್ಯಾಕ್ಟರು, ಲಾರಿಗಳ ನರನಾಡಿ ನೋಡುವವನು. ಎಂಜಿನ್ ತಿರುಗುವಾಗ ಬೆಲ್ಟಿನಿಂದ ತಾನೂ ತಿರುಗಿ ಬ್ಯಾಟರಿಗೆ ಕರೆಂಟು ತುಂಬಬೇಕಾದ ಆಲ್ಟರ್ನೇಟರ್ ತೆಪ್ಪಗೆ ಸುತ್ತುತ್ತಿದೆ, ಏನನ್ನೂ ಹುಟ್ಟಿಸುತ್ತಿಲ್ಲವೆಂದು ಮೀಟರು ಹಿಡಿದು ತೋರಿಸಿದ. ಬೆಲ್ಟು ಬಿಗಿದ, ಬ್ರಷ್ಷು ಬದಲಿಸಿದ, ತುಕ್ಕು ಹಿಡಿದ ಅರ್ತ್ ತಂತಿಯನ್ನು ಕಿತ್ತು ಹೊಸದು ಹಾಕಿದ, ಫಲವಿಲ್ಲ. ಕೊನೆಗೆ ಡ್ಯಾಶ್‌ಬೋರ್ಡಿನತ್ತ ಬಾಗಿದ. ಚಾರ್ಜಿಂಗಿನ ಕೆಂಪು ದೀಪ ಇರಬೇಕಾದ ಜಾಗದಲ್ಲಿ ಕೊಟ್ಟೂರಿನಿಂದ ತಂದ, ದೇವರ ಚಿತ್ರವಿದ್ದ ಬಿಲ್ಲೆಯೊಂದು ಅಂಟಿಕೊಂಡಿತ್ತು.

"ಸಾವ್ಕಾರ್ರೆ, ಈ ಬಿಲ್ಲಿ ತಗದು ಹಿಂದಿನ ವೈರ್ ನೋಡ್ತೀನ್ರಿ."

"ದೇವರ್ನ ಕಿತ್ತು ವೈರ್ ಹುಡುಕ್ತೀಯೇನಲೇ?" ಎಂದರು ಅಧ್ಯಕ್ಷರು. "ನಿನಗ ಬರಂಗಿಲ್ಲಂದ್ರ ಬರಂಗಿಲ್ಲ ಅನ್ನು."

ಹೊಸದಾಗಿ ಹಾಕಿಸಿದ ಬ್ಯಾಟರಿಯೂ ಸತ್ತಾಗ ಮಂಡಳಿ ಸಭೆ ಸೇರಿ, ಬೀರಪ್ಪ ಆಲ್ಟರ್ನೇಟರಿನೊಳಗಿನ ತಾಮ್ರದ ಸುರುಳಿಯನ್ನೇ ಎಗರಿಸಿ ಕಳಪೆಯದನ್ನು ಇಟ್ಟಿರಬಹುದೆಂದು ತರ್ಕಿಸಿತು. ಪ್ರಕಟಣೆ ಬರೆಯುವ ಗೌರವ ಕನ್ನಡ ವಿಭಾಗಕ್ಕೆ, ಅಂದರೆ ನನಗೆ, ದಕ್ಕಿತು. ಅಧ್ಯಕ್ಷರು ಹೇಳಿದ್ದು 'ಕದ್ದಿರಬಹುದು' ಎಂದು. ಆ 'ಬಹುದು' ವಾಕ್ಯದ ಕೊನೆಯಲ್ಲಿ ಸೊಂಟ ಮುರಿದಂತೆ ಕಂಡದ್ದರಿಂದ, ಮಿತ್ರರೇ, ಕೇವಲ ಲಯದ ಸಲುವಾಗಿ, ನಾನು ಬರೆದೆ: 'ಬೀರಪ್ಪನು ಸಂಸ್ಥೆಯ ವಾಹನದ ಬಿಡಿಭಾಗಗಳನ್ನು ಅಪಹರಿಸಿರುವುದು ಸಂಶಯಾತೀತವಾಗಿದೆ.' ಸಭೆ ಮೆಚ್ಚಿತು. ಒಬ್ಬರು 'ಸಂಶಯಾತೀತ' ಎಂಬ ಪದವನ್ನು ಎರಡು ಸಲ ಓದಿಸಿ ಕೇಳಿದರು. ಪ್ರಕಟಣೆ ಕಾಲೇಜಿನ ಗೇಟಿನ ಫಲಕದಲ್ಲಿ ಸೀಲು ಸಮೇತ ಏರಿತು. ತಿಂಗಳೊಪ್ಪತ್ತಿನಲ್ಲಿ ಹಿರೇಹಡಗಲಿಯ ಟ್ರ್ಯಾಕ್ಟರಿನವರು ಬೀರಪ್ಪನ ಶೆಡ್ಡು ದಾಟಿ ಮುಂದಿನ ಗ್ಯಾರೇಜಿಗೆ ಹೋಗುವುದನ್ನು ರೂಢಿ ಮಾಡಿಕೊಂಡರು.

ಒಂದು ಮಧ್ಯಾಹ್ನ ಆ ದಾರಿಯಲ್ಲಿ ನಡೆದಿದ್ದಾಗ ಬೀರಪ್ಪನೇ ನನ್ನನ್ನು ಕರೆದ. ಶೆಡ್ಡಿನಲ್ಲಿ ಒಂದೂ ಗಾಡಿಯಿರಲಿಲ್ಲ.

"ಬರ್ರಿ ಸಾರ್, ಕುಂದರ್ರಿ. ಸಂಶಯಾತೀತ ಅಂದ್ರ ಏನ್ರಿ? ಒಬ್ಬೊಬ್ಬರು ಒಂದೊಂದು ಹೇಳ್ತಾರ."

ಅನುಮಾನಕ್ಕೆ ಎಡೆಯೇ ಇಲ್ಲದ್ದು ಎಂದೆ, ಅವನ ಮುಖ ನೋಡದೆ.

"ಹಂಗಾರ ನಿಮಗ ಅನುಮಾನನ ಬರಲಿಲ್ಲೇನ್ರಿ? ನನಗ ದಿನಾ ಬರತೈತಿ. ಅನುಮಾನ ಇಲ್ದ ವೈರಿಂಗ್ ಕೆಲಸ ಮಾಡಾಕ ಆಗಂಗಿಲ್ರಿ." ಹೀಗೆಂದು ಡಬ್ಬಿಯಿಂದ ಕಡಲೆಕಾಳಿನಷ್ಟು ಬಲ್ಬೊಂದನ್ನು ತೆಗೆದು ನನ್ನ ಅಂಗೈಗೆ ಹಾಕಿದ. "ಈ ದೀಪ ಬರೀ ತಪ್ಪು ತೋರ್ಸಾಕ ಅಲ್ರಿ. ಇದರೊಳಗ ಹಾಯ್ದು ಹೋಗೋ ಚೂರು ಕರೆಂಟಿಗೇ ಆ ಆಲ್ಟರ್ನೇಟರ್ ಎಚ್ಚರಾಗೋದು. ಇದ ಇಲ್ಲಂದ್ರ ಅದು ನಿದ್ದಿಗಣ್ಣಾಗ ತಿರುಗತೈತಿ. ನಾ ಮುಟ್ಟಂಗಿಲ್ಲ, ನೀವ ಹಾಕಿ ನೋಡ್ರಿ."

ಮರುದಿನ ಕಾಲೇಜಿನ ಅಂಗಳದಲ್ಲಿ ಕೊಟ್ರೇಶಿ ದೇವರಿಗೆ ಕೈಮುಗಿದು ಬಿಲ್ಲೆ ಬಿಡಿಸಿದ. ಹಿಂದೆ ಖಾಲಿ ತೂತು. "ನಂದೇನ್ ತಪ್ಪೈತ್ರಿ ಸಾರ್? ಕೀಲಿ ತಿರುವಿದ ಕೂಡ್ಲೇ ಕೆಂಪಗ ಹತ್ತತಿತ್ತು. 'ಮುಂಜಾನೆದ್ದು ಕೆಂಪು ಕಣ್ಣು ನೋಡಬೇಕೇನಲೇ ನಾನು' ಅಂದ್ರು ಸಾವ್ಕಾರ್ರು. ಕಿತ್ತೆ. ತೂತು ಚೆಂದ ಕಾಣಲಿಲ್ಲ, ದೇವರ್ನ ಕುಂದ್ರಿಸಿದೆ." ಬಲ್ಬು ಹಾಕಿ ಕೀಲಿ ತಿರುವಿದೆವು, ಕೆಂಪು ಬೆಳಗಿತು. ವಿಭಾಗಗಳು ಕೊನೆಯ ಸಲ ತಳ್ಳಿದವು. ಎಂಜಿನ್ ಚಾಲೂ ಆದೊಡನೆ ಕೆಂಪು ತಾನಾಗಿ ಆರಿತು, ಹೆಡ್‌ಲೈಟುಗಳು ಹಗಲಿನಲ್ಲೂ ಕಣ್ಣು ಕುಕ್ಕುವಂತೆ ಉರಿದವು.

ಅಂದಿನಿಂದ ನನಗೆ 'ಚಾರ್ಜು' ಎಂಬ ಪದದ ಮೇಲೆ ವಿಚಿತ್ರ ವ್ಯಾಮೋಹ. ಅಧಿಕಾರಿ ಚಾರ್ಜು ತೆಗೆದುಕೊಳ್ಳುತ್ತಾನೆ, ಬ್ಯಾಟರಿಯೂ ಚಾರ್ಜು ತೆಗೆದುಕೊಳ್ಳುತ್ತದೆ. ಬ್ಯಾಟರಿ ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡುತ್ತದೆ, ಅಷ್ಟೇ ವ್ಯತ್ಯಾಸ. ದೂರು ಹೇಳುವ ದೀಪವನ್ನು ನಾವು ಚಾಡಿಕೋರನೆಂದು ಬಗೆದು ಕಿತ್ತೆಸೆಯುತ್ತೇವೆ, ಆ ಬರಿದಾದ ಜಾಗದಲ್ಲಿ ಯಾರೂ ಮುಟ್ಟಲಾರದ ಪೂಜ್ಯವಾದದ್ದೊಂದನ್ನು ಪ್ರತಿಷ್ಠಾಪಿಸುತ್ತೇವೆ, ಆಮೇಲೆ ಕತ್ತಲಾಯಿತೆಂದು ತಂತಿ ಜೋಡಿಸುವವನನ್ನು ಕಳ್ಳನೆಂದು ಹಿಡಿಯುತ್ತೇವೆ. ಈ ಕ್ರಮವನ್ನು ನಾನು ಕಾರಿನಲ್ಲಿ ಕಂಡೆನೆಂಬುದು ಆಕಸ್ಮಿಕ. ಕೂಡ್ಲಿಗಿಯಿಂದ ಹಗರಿಬೊಮ್ಮನಹಳ್ಳಿಯವರೆಗೆ ಯಾವ ಕಚೇರಿಯ ಮೆಟ್ಟಿಲು ಹತ್ತಿದ್ದರೂ ಕಾಣಬಹುದಿತ್ತೇನೋ.

ವಿಷಯ ತಿಳಿಸಿದಾಗ ಅಧ್ಯಕ್ಷರು ಕಾರಿನ ಬಾಗಿಲೆಳೆದುಕೊಳ್ಳುತ್ತ, "ಗಾಡಿ ಚಾಲೂ ಆತಲ್ರಿ ಮೇಷ್ಟ್ರೆ, ಮತ್ಯಾಕ ಕೆದಕ್ತೀರಿ?" ಎಂದರು. ಗಾಡಿ ಚಾಲೂ ಆಗಿದೆ. ಪ್ರಕಟಣೆ ಗೇಟಿನಲ್ಲಿ ಹಾಗೆಯೇ ಇದೆ. ಬೀರಪ್ಪನ ಶೆಡ್ಡು ಇವತ್ತೂ ಖಾಲಿ.

ಆದಕಾರಣ ಮಾನ್ಯ ಅಧ್ಯಕ್ಷರಲ್ಲಿ ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ: ಸದರಿ ಪ್ರಕಟಣೆಯನ್ನು ತೆಗೆಸಿ, ಅದೇ ಅಳತೆಯ ಕಾಗದದಲ್ಲಿ, ಅದೇ ಸೀಲಿನೊಂದಿಗೆ, ಅದೇ ಗೇಟಿನಲ್ಲಿ ಬೀರಪ್ಪನು ನಿರ್ದೋಷಿಯೆಂದು ಸಾರತಕ್ಕದ್ದು, ಬಲ್ಬು ಕೀಳಿಸಿದವರು ಯಾರೆಂಬುದಕ್ಕೆ ಲಿಖಿತ ಉತ್ತರ ನೀಡತಕ್ಕದ್ದು. ತಮಗೆ ಶ್ರಮವಾಗದಿರಲೆಂದು ಹೊಸ ಪ್ರಕಟಣೆಯ ಕರಡನ್ನು ನಾನೇ ಸಿದ್ಧಪಡಿಸಿ ಲಗತ್ತಿಸಿದ್ದೇನೆ. ತಪ್ಪಿತಸ್ಥರ ಪಟ್ಟಿಯಲ್ಲಿ ಎರಡನೆಯ ಹೆಸರು ನನ್ನದು, ಸಹಿಯನ್ನೂ ಹಾಕಿದ್ದೇನೆ. ಮೊದಲನೆಯ ಸಾಲನ್ನು ಖಾಲಿ ಬಿಟ್ಟಿದ್ದೇನೆ; ಅದನ್ನು ತಾವು ಸ್ವಹಸ್ತದಿಂದ ತುಂಬಿ ಕಳುಹಿಸಬೇಕಾಗಿ ಪ್ರಾರ್ಥನೆ.